ಮಠದ ವೇದಿಕೆ, ಪಕ್ಷದ ಮಾತು: ತೆರಿಗೆ ಲೆಕ್ಕ ಏನು ಹೇಳುತ್ತದೆ?

ತುಮಕೂರಿನ ಬಟವಾಡಿಯ ನೌಕರರೊಬ್ಬರು 10,000 ರೂಪಾಯಿ ದಾನ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಹಳೆಯ ತೆರಿಗೆ ಪದ್ಧತಿ, ಶೇ 20ರ ಹಂತ. ದೇವಸ್ಥಾನದ ಹುಂಡಿಗೋ ಚರ್ಚಿನ ಕಾಣಿಕೆ ತಟ್ಟೆಗೋ ಹಾಕಿದರೆ ತೆರಿಗೆ ಉಳಿತಾಯ ಸೊನ್ನೆ, ರಸೀದಿಯೇ ಇರುವುದಿಲ್ಲ. ಶಾಲೆ, ಹಾಸ್ಟೆಲ್ ನಡೆಸುವ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿಯುಳ್ಳ ಟ್ರಸ್ಟಿಗೆ ಬ್ಯಾಂಕ್ ಮೂಲಕ ಕೊಟ್ಟರೆ ಅರ್ಧ ಮೊತ್ತಕ್ಕೆ ರಿಯಾಯಿತಿ. ಸೆಸ್ ಸೇರಿ 1,040 ರೂಪಾಯಿ ಉಳಿಯುತ್ತದೆ. ಅದೇ ಹಣವನ್ನು ರಾಜಕೀಯ ಪಕ್ಷಕ್ಕೆ ಕೊಟ್ಟರೆ ಪೂರ್ತಿ ರಿಯಾಯಿತಿ: 2,080. ಮಕ್ಕಳ ಓದಿಗೆ ಕೊಟ್ಟವರಿಗಿಂತ ಪಕ್ಷಕ್ಕೆ ಕೊಟ್ಟವರಿಗೆ ದುಪ್ಪಟ್ಟು. ಇದು ಸರಿಯಲ್ಲ.

ಟ್ರಸ್ಟಿನ ಆದಾಯದ ಲೆಕ್ಕ ಬೇರೆ. 100 ರೂಪಾಯಿಯಲ್ಲಿ 85 ರೂಪಾಯಿಯನ್ನು ಉದ್ದೇಶಕ್ಕೆ ಖರ್ಚು ಮಾಡಿದರೆ ತೆರಿಗೆಯಿಲ್ಲ. ಆದರೆ ಮಠದ ವೇದಿಕೆಯಲ್ಲಿ ಯಾರು ಏನು ಮಾತಾಡಿದರು ಎಂದು ತೆರಿಗೆ ಕಾಯ್ದೆ ನೇರವಾಗಿ ಕೇಳುವುದಿಲ್ಲ. ಅದನ್ನು ಕೇಳುವುದು 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ. ಆವರಣವನ್ನಾಗಲಿ ಹಣವನ್ನಾಗಲಿ ರಾಜಕೀಯಕ್ಕೆ ಬಳಸಿದರೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ.

ಬಟವಾಡಿ ದಾಟಿ ಕ್ಯಾತಸಂದ್ರದತ್ತ ಹೋದರೆ ಸಿದ್ಧಗಂಗಾ ಮಠ. ಅಲ್ಲಿ ಸುಮಾರು 10,000 ಮಕ್ಕಳಿಗೆ ಅನ್ನ, ಅಕ್ಷರ. 2020ರ ಜನವರಿ 2ರಂದು ಪ್ರಧಾನಿ ನರೇಂದ್ರ ಮೋದಿ ಅಲ್ಲಿಯೇ ಪೌರತ್ವ ತಿದ್ದುಪಡಿ ಕಾಯ್ದೆಯ ವಿಚಾರ ಎತ್ತಿ ಕಾಂಗ್ರೆಸ್ಸನ್ನು ಟೀಕಿಸಿದರು. 2022ರ ಮಾರ್ಚ್ 31ಕ್ಕೆ ರಾಹುಲ್ ಗಾಂಧಿ ಬಂದರು, ಮರುದಿನ ಮಠದ ಲಿಂಗೈಕ್ಯ ಶಿವಕುಮಾರ ಸ್ವಾಮೀಜಿಯವರ 115ನೇ ಜಯಂತಿಗೆ ಅಮಿತ್ ಶಾ. ಸ್ವಾಮೀಜಿಯವರ ಗದ್ದುಗೆಗೆ ನಮಸ್ಕರಿಸಲು ಯಾರು ಬಂದರೂ ತಪ್ಪಿಲ್ಲ. ಮೈಕಿನ ಮುಂದೆ ಎದುರು ಪಕ್ಷವನ್ನು ಬೈಯುವುದು ನಮಸ್ಕಾರವಲ್ಲ. ಬಂದವರು ಯಾವ ಪಕ್ಷದವರಾದರೂ ಈ ಮಾತು ಅನ್ವಯಿಸುತ್ತದೆ.

ಅಮೆರಿಕ 1954ರಲ್ಲೇ ವೇದಿಕೆಯ ರಾಜಕೀಯವನ್ನು ತೆರಿಗೆಗೆ ಗಂಟು ಹಾಕಿತು: ಚುನಾವಣಾ ಅಭ್ಯರ್ಥಿಯ ಪರ ನಿಂತರೆ ಚರ್ಚಿನ ವಿನಾಯಿತಿ ಹೋಗುತ್ತದೆ. ಆದರೆ ಪಾದ್ರಿ ತನ್ನ ಭಕ್ತರಿಗೆ ಆರಾಧನೆಯ ವೇಳೆ ಹೇಳುವ ಮಾತಿಗೆ ಅದು ಅನ್ವಯಿಸದು ಎಂದು ಅಲ್ಲಿನ ತೆರಿಗೆ ಇಲಾಖೆಯೇ 2025ರ ಜುಲೈನಲ್ಲಿ ಕೋರ್ಟಿಗೆ ಬರೆದುಕೊಟ್ಟಿತು.

ನಮ್ಮಲ್ಲಿ ವಿನಾಯಿತಿಯನ್ನೇ ಕಿತ್ತುಕೊಂಡರೆ ಪೆಟ್ಟು ಬೀಳುವುದು ದಾಸೋಹದ ತಟ್ಟೆಗೆ. ಹಾಗಾಗಿ ರಾಜಕೀಯ ಭಾಷಣ ನಡೆದ ಆ ಒಂದು ಸಭೆಯ ಖರ್ಚಿಗಷ್ಟೇ ಶೇ 30 ತೆರಿಗೆ ಹಾಕಲಿ. ಶಾಮಿಯಾನ, ಮೈಕು, ಊಟಕ್ಕೆ 5 ಲಕ್ಷವಾಗಿದ್ದರೆ 1.5 ಲಕ್ಷ. ಅದನ್ನು ಕಟ್ಟಬೇಕಾದದ್ದು ಭಾಷಣ ಮಾಡಿದವರ ಪಕ್ಷ.