ಗುಜರಿಗೆ ಹಾಕುವ ಮುನ್ನ ಮೋಟರು ಬಿಚ್ಚಿಡಿ

ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ ಗುಜರಿ ಸೇರುವುದು ಎಷ್ಟೋ ಸಲ ತೊಟ್ಟಿ ಒಡೆದೋ ಟೈಮರ್ ಕೆಟ್ಟೋ ಆಗಿರುತ್ತದೆ. ಒಳಗಿನ ಮೋಟರು ಆಗಲೂ ಗಟ್ಟಿಯಾಗಿರುತ್ತದೆ. ವೆಟ್ ಗ್ರೈಂಡರಿನದೂ ಇದೇ ಪಾಡು. ಇಂಥ ಮೋಟರುಗಳನ್ನು ಬಿಚ್ಚಿ ಮರ ಉಜ್ಜುವ ಡಿಸ್ಕನ್ನೋ ಪುಟ್ಟ ಲೇತನ್ನೋ ಓಡಿಸುವ ಹವ್ಯಾಸಿಗಳು ನಮ್ಮಲ್ಲಿದ್ದಾರೆ. ಇದನ್ನು ದುಡ್ಡಿಲ್ಲದವರ ಉಪಾಯವೆಂದು ಬದಿಗಿಡುವುದು ತಪ್ಪು. ಮೋಟರಿನ ಜಾತಿ ಅರಿತು ಕೆಲಸಕ್ಕೆ ಹೊಂದಿಸಿದರೆ, ಅಗ್ಗದ ಹೊಸ ಉಪಕರಣಕ್ಕಿಂತ ಇದು ಹೆಚ್ಚು ಕಾಲ ಬಾಳುತ್ತದೆ.

ಕಾರಣ ಅದರ ರಚನೆಯಲ್ಲೇ ಇದೆ. ಇಂಥ ಯಂತ್ರಗಳಲ್ಲಿರುವ ಇಂಡಕ್ಷನ್ ಮೋಟರಿನ ರೋಟರಿಗೆ ತಂತಿಯ ಸಂಪರ್ಕವಿಲ್ಲ. ಸುತ್ತಲಿನ ಕಾಂತಕ್ಷೇತ್ರವೇ ಅದನ್ನು ತಿರುಗಿಸುತ್ತದೆ. ಹಾಗಾಗಿ ಮುಖ್ಯವಾಗಿ ಸವೆಯುವುದು ಬೇರಿಂಗ್, ಸೊರಗುವುದು ಕೆಪಾಸಿಟರ್, ಎರಡನ್ನೂ ಬದಲಿಸಬಹುದು. ವೈಂಡಿಂಗ್ ಸುಟ್ಟಿದ್ದರೂ ಪಂಪ್‌ಸೆಟ್ ರಿಪೇರಿಯ ಅಂಗಡಿಯಲ್ಲಿ ಮತ್ತೆ ಸುತ್ತಿಸಬಹುದು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಪೋಲಿನ ಮೋಟರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ಹಾಕಿದರೆ, ರೋಟರು 1400ರ ಆಸುಪಾಸಿನಲ್ಲಿ ಹಿಂಬಾಲಿಸುತ್ತದೆ. ಮಿಕ್ಸಿಯ ಯೂನಿವರ್ಸಲ್ ಮೋಟರಾದರೋ ಕಾರ್ಬನ್ ಬ್ರಷ್ ಸವೆಸುತ್ತ 10,000 ಸುತ್ತನ್ನೂ ಮೀರುತ್ತದೆ, ಬೇಗ ಕಾಯುತ್ತದೆ. ಅದಕ್ಕೆ ನೇರವಾಗಿ ಸಾಣೆಕಲ್ಲು ಕಟ್ಟಿದರೆ ಕಲ್ಲು ಸಿಡಿದು ಚೂರಾಗಬಹುದು.

ಮಾರ್ಪಾಡಿನ ಜಾಣ್ಮೆಯೆಲ್ಲ ವೇಗ ಮತ್ತು ಎಳೆತದ ಲೆಕ್ಕದಲ್ಲಿದೆ. 150 ಮಿಲಿಮೀಟರಿನ ಡಿಸ್ಕನ್ನು 1400 ಸುತ್ತಿನ ಮೋಟರಿಗೆ ನೇರವಾಗಿ ಕೂರಿಸಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 11 ಮೀಟರ್. ಮರ ಉಜ್ಜಲು ಅಷ್ಟು ಸಾಕು. ಮೋಟರಿಗೆ 2 ಇಂಚಿನ, ಲೇತಿಗೆ 4 ಇಂಚಿನ ಪುಲ್ಲಿ ಹಾಕಿ ಬೆಲ್ಟ್ ಕಟ್ಟಿದರೆ ವೇಗ ಅರ್ಧಕ್ಕಿಳಿದು, ತಿರುಗಿಸುವ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬಟ್ಟೆ ಒಗೆಯುವ ಮೋಟರಿನಲ್ಲಿ ಎರಡು ಸಮಾನ ವೈಂಡಿಂಗ್ ಇರುವುದರಿಂದ, ಲೈನನ್ನು ಕೆಪಾಸಿಟರಿನ ಒಂದು ತುದಿಯಿಂದ ಇನ್ನೊಂದಕ್ಕೆ ಬದಲಿಸಿದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಆದರೆ ಅದರ ಆರಂಭದ ಎಳೆತ ಕಡಿಮೆ; ಗರಗಸಕ್ಕೋ ಕಂಪ್ರೆಸರಿಗೋ ಅದು ಸಲ್ಲದು.

ಹಳೆಯ ಮೋಟರು ಕರೆಂಟು ತಿನ್ನುತ್ತದೆ ಎಂಬ ಆಕ್ಷೇಪವುಂಟು. ಕಾಲು ಎಚ್‌ಪಿ ಎಂದರೆ ಸುಮಾರು 186 ವಾಟ್. ಅರ್ಧದಷ್ಟು ಶಕ್ತಿ ನಷ್ಟವಾದರೂ ಗಂಟೆಗೆ ಅರ್ಧ ಯೂನಿಟ್ ದಾಟದು, ಅದೂ ಬಿಡುವಿನ ವೇಳೆಯ ಕೆಲಸಕ್ಕೆ. ತಾಮ್ರವನ್ನು ಕರಗಿಸಿ ಮತ್ತೆ ಬಳಸಬಹುದಲ್ಲ ಎನ್ನುವವರಿದ್ದಾರೆ. ಕುಲುಮೆಯಿಂದ ಲೋಹ ಮರಳಿ ಬರುತ್ತದೆ, ನಿಜ. ಆದರೆ ತಂತಿ ಸುತ್ತಿದ, ಶಾಫ್ಟ್ ಕಡೆದ, ರೋಟರ್ ತೂಗಿಸಿದ ಶ್ರಮ ಅಲ್ಲಿಗೇ ಅಳಿಯುತ್ತದೆ. ಸುರಕ್ಷತೆಯ ಪ್ರಶ್ನೆ ಇವೆರಡಕ್ಕಿಂತ ತೂಕದ್ದು. ಪ್ಲಾಸ್ಟಿಕ್ ಕವಚದಿಂದ ಹೊರಬಂದ ಮೋಟರಿನ ಲೋಹದ ಮೈಗೆ ಕೈ ತಗಲುತ್ತದೆ. ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ತಿರುಗತೊಡಗುತ್ತದೆ. ಎರಡಕ್ಕೂ ಪರಿಹಾರವಿದೆ: ಮೊದಲನೆಯದಕ್ಕೆ ಅರ್ಥಿಂಗ್ ಮತ್ತು 30 ಮಿಲಿಆಂಪಿನ ಆರ್‌ಸಿಸಿಬಿ, ಎರಡನೆಯದಕ್ಕೆ ನೋ-ವೋಲ್ಟ್ ಸ್ವಿಚ್. ಬೆಲ್ಟಿಗೂ ಕಲ್ಲಿಗೂ ಮರೆ ಇರಲೇಬೇಕು.

ಆದ್ದರಿಂದ ಹಳೆಯ ಯಂತ್ರವನ್ನು ಕೆ.ಜಿ. ಲೆಕ್ಕದಲ್ಲಿ ತೂಗಿಸುವ ಮುನ್ನ ಅದರ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ, ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ ಪರೀಕ್ಷೆ ಮಾಡಿಸಿ. ಇನ್ಸುಲೇಷನ್ ಸರಿಯಿದ್ದರೆ ಬಿಚ್ಚಿಟ್ಟುಕೊಳ್ಳಿ. ವೈರಿಂಗ್ ಮಾತ್ರ ಬಲ್ಲವರಿಂದಲೇ ಮಾಡಿಸಿ.