ಸಿರಪ್ ಬಾಟಲಿಯಿಂದ ಔಷಧಕ್ಕೆ ಲೋಹ: ಪರೀಕ್ಷೆ ಅಳೆಯುವುದೇನನ್ನು?

ಮಕ್ಕಳು, ವೃದ್ಧರು ಹಾಗೂ ಗರ್ಭಿಣಿಯರಿಗೆ ನೀಡುವ ದ್ರವ ಔಷಧಗಳನ್ನು ಪೆಟ್ ಬಾಟಲಿಗಳಲ್ಲಿ ತುಂಬುವುದನ್ನು ನಿಷೇಧಿಸಲು ಕೇಂದ್ರ ಸರ್ಕಾರ 2014ರಲ್ಲಿ ಕರಡು ಅಧಿಸೂಚನೆ ಹೊರಡಿಸಿತ್ತು. ಇಂತಹ ಬಾಟಲಿಗಳಲ್ಲಿದ್ದ ಔಷಧಗಳಲ್ಲಿ ಸೀಸ, ಆಂಟಿಮನಿ ಮುಂತಾದವು ಪತ್ತೆಯಾಗಿವೆ ಎಂಬ ಕೋಲ್ಕತ್ತಾದ ಸಂಸ್ಥೆಯೊಂದರ ಪರೀಕ್ಷಾ ವರದಿ 2016ರಲ್ಲಿ ಸುದ್ದಿಯಾಯಿತು. ಆದರೆ ಎಂ.ಕೆ. ಭಾನ್ ನೇತೃತ್ವದ ತಜ್ಞರ ಸಮಿತಿಗೆ ಹಾನಿಯ ಬಗ್ಗೆ ನಿರ್ಣಾಯಕ ಪುರಾವೆ ಕಾಣಲಿಲ್ಲ. ಹಾಗಾದರೆ ಯಾರನ್ನು ನಂಬಬೇಕು?

'ಪತ್ತೆಯಾಗಿದೆ' ಎಂಬ ಒಂದೇ ಪದದಿಂದ ಏನೂ ತೀರ್ಮಾನವಾಗುವುದಿಲ್ಲ. ಪೆಟ್ ತಯಾರಿಕೆಯಲ್ಲಿ ಆಂಟಿಮನಿ ಟ್ರೈಆಕ್ಸೈಡ್ ವೇಗವರ್ಧಕವಾಗಿ ಬಳಕೆಯಾಗುವುದರಿಂದ ಪ್ರತಿ ಕಿಲೋ ಪ್ಲಾಸ್ಟಿಕ್‌ನಲ್ಲಿ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ ಆಂಟಿಮನಿ ಉಳಿದಿರುತ್ತದೆ. ಬಾಟಲಿಯ ಚೂರನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಳೆದರೆ ಸಿಗುವುದು ಈ ಅಂಕಿ. ರೋಗಿಯ ಹೊಟ್ಟೆ ಸೇರುವುದಾದರೋ ಇದರ ಅತ್ಯಲ್ಪ ಅಂಶ ಮಾತ್ರ. ಅದನ್ನರಿಯಲು ಔಷಧವನ್ನು ಅದೇ ಬಾಟಲಿಯಲ್ಲಿ ನಿಗದಿತ ಉಷ್ಣತೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಇರಿಸಿ, ಬಳಿಕ ದ್ರವವನ್ನೇ ಪರೀಕ್ಷಿಸಬೇಕು.

ಇದಕ್ಕೆ ಬಳಸುವ ಉಪಕರಣ ಐಸಿಪಿ-ಎಂಎಸ್. ಸಾವಿರಾರು ಡಿಗ್ರಿ ಉಷ್ಣತೆಯ ಆರ್ಗಾನ್ ಪ್ಲಾಸ್ಮಾದಲ್ಲಿ ಮಾದರಿಯ ಪರಮಾಣುಗಳು ಅಯಾನುಗಳಾಗುತ್ತವೆ. ಅವುಗಳನ್ನು ದ್ರವ್ಯರಾಶಿಗನುಗುಣವಾಗಿ ಬೇರ್ಪಡಿಸಿ ಎಣಿಸಲಾಗುತ್ತದೆ. ಶತಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಲೋಹವನ್ನು ಇದು ಗುರುತಿಸಬಲ್ಲದು. ಈ ಸೂಕ್ಷ್ಮತೆಯೇ ತೊಡಕೂ ಹೌದು. ಸರಿಯಾಗಿ ತೊಳೆಯದ ಪಾತ್ರೆ, ಪ್ರಯೋಗಾಲಯದ ಧೂಳು ಕೂಡ ಲೆಕ್ಕಕ್ಕೆ ಸೇರಿಬಿಡುತ್ತವೆ. ಆದ್ದರಿಂದ ಔಷಧವಿಲ್ಲದ ಖಾಲಿ ಮಾದರಿಯನ್ನೂ ಜೊತೆಗೆ ಪರೀಕ್ಷಿಸಬೇಕು. ಸಿರಪ್‌ನ ಕಚ್ಚಾವಸ್ತುವಿನಲ್ಲಿಯೇ ಸೀಸವಿದ್ದರೆ ಬಾಟಲಿಯನ್ನು ದೂರಿ ಫಲವಿಲ್ಲ. ಅದೇ ತಂಡದ ಔಷಧವನ್ನು ಬೇರೆ ಪಾತ್ರೆಯಲ್ಲಿರಿಸಿ ಹೋಲಿಸಬೇಕು. ಅಂದಹಾಗೆ, ಗಾಜಿನಿಂದಲೂ ಲೋಹಾಂಶ ಒಸರಬಹುದು.

ಇನ್ನು ಮಿತಿಯ ಪ್ರಶ್ನೆ. ಅಂತಾರಾಷ್ಟ್ರೀಯ ಕ್ಯೂ3ಡಿ ಮಾರ್ಗಸೂಚಿಯ ಪ್ರಕಾರ ಬಾಯಿಯ ಮೂಲಕ ಸೇವಿಸುವ ಔಷಧದಿಂದ ದೇಹ ಸೇರಬಹುದಾದ ಸೀಸ ದಿನಕ್ಕೆ 5 ಮೈಕ್ರೋಗ್ರಾಂ. ಆಂಟಿಮನಿ 1,200 ಮೈಕ್ರೋಗ್ರಾಂ. ಲೀಟರಿಗೆ 20 ಮೈಕ್ರೋಗ್ರಾಂ ಸೀಸವಿರುವ ಸಿರಪ್ ಅನ್ನು ದಿನಕ್ಕೆ 15 ಮಿಲಿಲೀಟರ್ ಕುಡಿದರೆ ಒಳಸೇರುವುದು 0.3 ಮೈಕ್ರೋಗ್ರಾಂ. ಮಿತಿಯೊಳಗೇ ಇದೆಯಲ್ಲ ಎನ್ನಬಹುದು. ಆದರೆ ಆಂಟಿಮನಿ ಮಿತಿಯ ಲೆಕ್ಕಾಚಾರ 50 ಕಿಲೋ ತೂಕದ ವಯಸ್ಕರದ್ದು. ಹತ್ತು ಕಿಲೋ ತೂಗುವ ಮಗುವಿಗೆ ಅದನ್ನೇ ಅನ್ವಯಿಸುವುದು ಸರಿಯಲ್ಲ. ಸೀಸಕ್ಕಂತೂ ಮಕ್ಕಳಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಗುರುತಾಗಿಲ್ಲ.

ಶಾಖ ಹೆಚ್ಚಿದಂತೆ ಪೆಟ್‌ನಿಂದ ಆಂಟಿಮನಿ ಒಸರುವುದೂ ಹೆಚ್ಚುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಸಿರಪ್ ಬಾಟಲಿ ಬಿಡಬಾರದೆನ್ನಲು ಇದೂ ಒಂದು ಕಾರಣ.