ಅರ್ಜಿ ಸಲ್ಲಿಸುವ ಮುನ್ನ ಜಾಲತಾಣವನ್ನು ಪರಿಶೀಲಿಸುವ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮೈಸೂರು ನಗರದ ಪಶ್ಚಿಮ ಅಂಚಿನಲ್ಲಿರುವ ಬೋಗಾದಿಯು ಗ್ರಾಮ ಪಂಚಾಯಿತಿಯಾಗಿದ್ದು, ನಂತರ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿದ ಪ್ರದೇಶವಾಗಿದೆ. ಆಡಳಿತ ಬದಲಾದಾಗ ಕಚೇರಿ, ನಮೂನೆ ಹಾಗೂ ಜಾಲತಾಣದ ವಿಳಾಸಗಳೂ ಬದಲಾಗುತ್ತವೆ. ಖಾತೆ, ತೆರಿಗೆ, ಪರವಾನಗಿ ಮುಂತಾದ ಸೇವೆಗಳಿಗಾಗಿ ನಾಗರಿಕರು ಹೊಸ ವಿಳಾಸವನ್ನು ಅಂತರ್ಜಾಲದಲ್ಲಿ ಹುಡುಕಬೇಕಾಗುತ್ತದೆ. ಹೀಗೆ ದೊರೆತ ಪುಟವನ್ನು ನಂಬಬಹುದೇ ಎಂಬುದನ್ನು ತಿಳಿಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

1. ಮಾಹಿತಿ ಮಾತ್ರವಿರುವ ಪುಟಕ್ಕೂ ರಕ್ಷಣೆ ಏಕೆ?

ನಿಯಮ, ಶುಲ್ಕ, ದೂರವಾಣಿ ಸಂಖ್ಯೆ ಹಾಗೂ ಅರ್ಜಿ ನಮೂನೆಗಳನ್ನು ಮಾತ್ರ ಪ್ರಕಟಿಸುವ ಜಾಲತಾಣವನ್ನು ಸ್ಥಿರ ಜಾಲತಾಣ ಎನ್ನುತ್ತಾರೆ. ಇದರಲ್ಲಿ ಕದಿಯುವಂತಹುದು ಏನೂ ಇಲ್ಲವೆಂಬ ಅಭಿಪ್ರಾಯವುಂಟು. ಇದು ಸರಿಯಲ್ಲ. ಪುಟವು ಸರ್ವರ್‌ನಿಂದ ಓದುಗರನ್ನು ತಲುಪುವ ಮುನ್ನ ಅನೇಕ ಉಪಕರಣಗಳನ್ನು ಹಾದುಬರುತ್ತದೆ. ರಕ್ಷಣೆಯಿಲ್ಲದ ಪುಟವು ಅಂಚೆ ಕಾರ್ಡಿನಂತೆ. ದಾರಿಯಲ್ಲಿ ಅದನ್ನು ಓದಲೂಬಹುದು, ತಿದ್ದಲೂಬಹುದು. ಸಾರ್ವಜನಿಕ ವೈಫೈ ಬಳಸುವಾಗ ಈ ಅಪಾಯ ಹೆಚ್ಚು. ಶುಲ್ಕ ಪಾವತಿಸುವ ಖಾತೆ ಸಂಖ್ಯೆಯನ್ನು ತಿದ್ದಿದಲ್ಲಿ ಅರ್ಜಿದಾರರ ಹಣ ಅನ್ಯರ ಪಾಲಾಗುತ್ತದೆ.

2. ರಕ್ಷಣೆ ಹೇಗೆ ದೊರೆಯುತ್ತದೆ?

ವಿಳಾಸವು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾದಲ್ಲಿ ಸಂಪರ್ಕವು ಗೂಢಲಿಪಿಯಲ್ಲಿ, ಅಂದರೆ ಎನ್‌ಕ್ರಿಪ್ಷನ್‌ಗೆ ಒಳಪಟ್ಟು, ನಡೆಯುತ್ತದೆ. ಜಾಲತಾಣವು ಮೊದಲು ತನ್ನ ಡಿಜಿಟಲ್ ಪ್ರಮಾಣಪತ್ರವನ್ನು ಒಪ್ಪಿಸುತ್ತದೆ. ಅದು ಸಿಂಧುವೆಂದು ಬ್ರೌಸರ್ ಖಚಿತಪಡಿಸಿಕೊಂಡ ಬಳಿಕ ಉಭಯತ್ರರೂ ರಹಸ್ಯ ಕೀಲಿಯೊಂದನ್ನು ನಿಗದಿಪಡಿಸಿಕೊಳ್ಳುತ್ತಾರೆ. ಆನಂತರ ದಾರಿಯಲ್ಲಿ ಯಾರಾದರೂ ಪುಟವನ್ನು ತಿದ್ದಿದರೆ ಅದು ಕೂಡಲೇ ಪತ್ತೆಯಾಗುತ್ತದೆ.

3. ಬೀಗದ ಚಿಹ್ನೆಯೊಂದೇ ಸಾಲದು

ಪ್ರಮಾಣಪತ್ರವು ವಿಳಾಸ ಯಾರ ಹಿಡಿತದಲ್ಲಿದೆಯೋ ಅವರೊಡನೆಯೇ ಸಂಪರ್ಕವಾಗಿದೆ ಎಂಬುದನ್ನಷ್ಟೇ ದೃಢೀಕರಿಸುತ್ತದೆ. ಅವರು ಪ್ರಾಮಾಣಿಕರೆಂದು ಹೇಳುವುದಿಲ್ಲ. ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆಯು 2015ರಿಂದ ಪ್ರಮಾಣಪತ್ರಗಳನ್ನು ಉಚಿತವಾಗಿ ನೀಡುತ್ತಿದ್ದು, ವಂಚಕರೂ ತಮ್ಮ ವಿಳಾಸಕ್ಕೆ ಅವನ್ನು ಪಡೆಯಬಲ್ಲರು. ಜನರು ಬೀಗದ ಚಿಹ್ನೆಯನ್ನು ತಪ್ಪಾಗಿ ಅರ್ಥೈಸುತ್ತಿದ್ದ ಕಾರಣ ಕ್ರೋಮ್ ಬ್ರೌಸರ್ 2023ರಲ್ಲಿ ಅದನ್ನು ಕೈಬಿಟ್ಟಿತು.

ಆದುದರಿಂದ ವಿಳಾಸದಲ್ಲಿ ಮೊದಲ ಓರೆಗೆರೆಯ ಹಿಂದಿನ ಭಾಗವು ‘.ಜಿಒವಿ.ಇನ್’ ಅಥವಾ ‘.ಎನ್‌ಐಸಿ.ಇನ್’ ಎಂದು ಕೊನೆಗೊಳ್ಳುವುದೇ ಎಂದು ನೋಡತಕ್ಕದ್ದು. ಸೇವಾ ಸಿಂಧು ಪೋರ್ಟಲ್‌ನ ವಿಳಾಸ ‘ಕರ್ನಾಟಕ.ಜಿಒವಿ.ಇನ್’ ಎಂದು ಮುಗಿಯುತ್ತದೆ. ‘ಜಿಒವಿ’ ಎಂಬುದು ನಡುವೆ ಬಂದು, ಕೊನೆಯಲ್ಲಿ ‘.ಕಾಂ’ ಇದ್ದಲ್ಲಿ ಅದು ಸರ್ಕಾರಿ ಜಾಲತಾಣವೆಂದು ಭಾವಿಸಬಾರದು.

4. ಎಚ್ಚರಿಕೆಯ ಸೂಚನೆ ಕಂಡಲ್ಲಿ

ಪ್ರಮಾಣಪತ್ರದಲ್ಲಿ ದೋಷವಿದ್ದಲ್ಲಿ ಬ್ರೌಸರ್ ಎಚ್ಚರಿಸುತ್ತದೆ. 2014ರ ಜುಲೈನಲ್ಲಿ ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ಪ್ರಮಾಣಪತ್ರ ವ್ಯವಸ್ಥೆಯಿಂದಲೇ ಗೂಗಲ್‌ನ ಕೆಲವು ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದು, ನಂತರ ರದ್ದುಗೊಂಡವು. ಆದ್ದರಿಂದ ಇಂತಹ ಸೂಚನೆಯನ್ನು ಲಘುವಾಗಿ ಪರಿಗಣಿಸಬಾರದು. ಮೊದಲು ತಮ್ಮ ಉಪಕರಣದಲ್ಲಿ ದಿನಾಂಕ ಸರಿಯಿದೆಯೇ ಎಂದು ನೋಡಿರಿ. ಸೂಚನೆ ಮುಂದುವರಿದಲ್ಲಿ ಆಧಾರ್, ಬ್ಯಾಂಕ್ ವಿವರಗಳನ್ನು ನಮೂದಿಸದೆ ಸಂಬಂಧಿಸಿದ ಕಚೇರಿಯಲ್ಲಿ ವಿಚಾರಿಸಿರಿ.

5. ಸ್ವಂತ ಜಾಲತಾಣ ಹೊಂದಿರುವ ಸಂಘ-ಸಂಸ್ಥೆಗಳಿಗೆ

ಬಡಾವಣೆಯ ನಿವಾಸಿಗಳ ಸಂಘಗಳು, ಶಾಲೆಗಳು ಮತ್ತು ಸೇವಾ ಕೇಂದ್ರಗಳು ಈ ಕ್ರಮಗಳನ್ನು ಅನುಸರಿಸುವುದು ಸೂಕ್ತ:

ಅ) ಹೋಸ್ಟಿಂಗ್ ಸಂಸ್ಥೆಯ ಮೂಲಕ ಪ್ರಮಾಣಪತ್ರ ಪಡೆದು, ಅದು ತಾನಾಗಿಯೇ ನವೀಕರಣವಾಗುವಂತೆ ಏರ್ಪಡಿಸುವುದು. ಪ್ರಮಾಣಪತ್ರಗಳ ಗರಿಷ್ಠ ಅವಧಿಯು 2026ರ ಮಾರ್ಚ್ 15ರಿಂದ 200 ದಿನಗಳು, 2029ರ ಮಾರ್ಚ್ 15ರಿಂದ 47 ದಿನಗಳೆಂದು ನಿಗದಿಯಾಗಿರುವುದರಿಂದ, ನೆನಪಿಟ್ಟು ನವೀಕರಿಸುವುದು ಕಷ್ಟಸಾಧ್ಯ.

ಆ) ‘ಎಚ್‌ಟಿಟಿಪಿ’ ವಿಳಾಸಕ್ಕೆ ಬಂದವರನ್ನು ‘ಎಚ್‌ಟಿಟಿಪಿಎಸ್’ ವಿಳಾಸಕ್ಕೆ ಕಳುಹಿಸುವಂತೆ ಮಾಡುವುದು.

ಇ) ಪುಟದಲ್ಲಿನ ಚಿತ್ರ ಹಾಗೂ ನಮೂನೆಗಳ ಕೊಂಡಿಗಳೂ ‘ಎಚ್‌ಟಿಟಿಪಿಎಸ್’ ಆಗಿರುವಂತೆ ನೋಡಿಕೊಳ್ಳುವುದು.

ಈ) ಹೋಸ್ಟಿಂಗ್ ಖಾತೆಯ ಪಾಸ್‌ವರ್ಡನ್ನು ಗೋಪ್ಯವಾಗಿಡುವುದು. ಖಾತೆಯೇ ಅನ್ಯರ ವಶವಾದಲ್ಲಿ ಗೂಢಲಿಪಿಯಿಂದ ಪ್ರಯೋಜನವಿಲ್ಲ.

6. ವಂಚನೆಗೆ ಒಳಗಾದಲ್ಲಿ

ಹಣ ಕಳೆದುಕೊಂಡವರು ವಿಳಂಬ ಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಪುಟದ ವಿಳಾಸ, ಪಾವತಿ ಸಂಖ್ಯೆ ಹಾಗೂ ಪರದೆಯ ಚಿತ್ರವನ್ನು ಸಾಕ್ಷ್ಯವಾಗಿ ಉಳಿಸಿಕೊಳ್ಳಿರಿ.